ಸಹಿಯಿಲ್ಲದ ಹೂದಾನಿ

ಫೋಲ್ಕೆ ತೀರಿಕೊಂಡ ಹನ್ನೊಂದನೆಯ ದಿನ ಮಂಗಳವಾರ ಬಿತ್ತು. ಮಂಗಳವಾರವೆಂದರೆ ದಾಗ್ನಿ ರಾಸ್ಕ್ ಏಳೂ ನಲವತ್ತರ ಬಸ್ಸು ಹಿಡಿದು ವೆಕ್ಷೋ ಪೇಟೆಗೆ ಹೋಗುವ ದಿನ. ಅಲ್ಲಿಯ ಹರಾಜು ಮಳಿಗೆಯಲ್ಲಿ ಹತ್ತರಿಂದ ಮೂರರವರೆಗೆ ಕೂತು, ಜನ ಮನೆಯಿಂದ ತಂದ ಗಾಜಿನ ಸಾಮಾನು ನೋಡಿ, ಇದು ಯಾವ ಕಾರ್ಖಾನೆಯದು, ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ ಎಂದು ಹೇಳುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ತಪ್ಪಿದ್ದು ಹಿಂದಿನ ಮಂಗಳವಾರ ಒಂದೇ. ಈ ಮಂಗಳವಾರವೂ ಯಾರೂ ಅವಳ ದಾರಿ ಕಾದಿರಲಿಲ್ಲ. ಫೋಲ್ಕೆಯ ದೇಹ ಇನ್ನೂ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿತ್ತು. ಮಣ್ಣು ಮಾಡುವುದು ಶುಕ್ರವಾರಕ್ಕೆ ಎಂದು ಪಾದ್ರಿ ಗೊತ್ತುಮಾಡಿದ್ದರು.

ಅವಳು ಬೂಟಿನ ದಾರ ಕಟ್ಟುತ್ತಿರುವಾಗ ಫೋಲ್ಕೆಯ ತಂಗಿ ಉಲ್ಲಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅತ್ತಿಗೆಗೆ ಜೊತೆಯಾಗಿರಲೆಂದು ಕಾಲ್ಮಾರ್‌ನಿಂದ ಬಂದು ಒಂದು ವಾರವಾಗಿತ್ತು.

"ಇವತ್ತೂ ಹೋಗ್ತೀಯಾ?"

"ಮಂಗಳವಾರ ಅಲ್ವಾ."

"ಜನ ಏನಂತಾರೆ ದಾಗ್ನಿ? ಗಂಡನ್ನ ಇನ್ನೂ ಮಣ್ಣಿಗಿಟ್ಟಿಲ್ಲ, ಇವಳು ಬುಟ್ಟಿ ಹಿಡ್ಕೊಂಡು ಬಸ್ ಹತ್ತಿದ್ಲು ಅಂತಾರೆ."

"ಬುಟ್ಟಿ ಅಲ್ಲ, ಚೀಲ," ಎಂದು ದಾಗ್ನಿ ಹೊರಟಳು.

ದಾಗ್ನಿ ಅಳಲಿಲ್ಲವೆಂಬುದೇ ಉಲ್ಲಾಳ ದೂರು. ಬಾಯಿಬಿಟ್ಟು ಹೇಳಿರಲಿಲ್ಲ; ಆದರೆ ದಿನಕ್ಕೆ ನಾಲ್ಕು ಸಲ ಅತ್ತಿಗೆಯ ಮುಖವನ್ನು ಓರೆಗಣ್ಣಲ್ಲಿ ನೋಡಿ, ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ದಾಗ್ನಿಗೂ ಅದು ಗೊತ್ತಿತ್ತು. ಅಳು ಬರುವ ಜಾಗಕ್ಕೆ ಕೈಯಿಟ್ಟು ನೋಡಿಕೊಂಡಿದ್ದಳು. ಅಲ್ಲಿ ಏನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ಅವನು ಸತ್ತದ್ದು ಶನಿವಾರ, ದಿನಸಿ ಅಂಗಡಿಯ ಮುಂದೆ, ಕಾರಿನಲ್ಲಿ ಕೂತು. ಕಾಲುನೋವೆಂದು ಅವನು ಒಳಗೆ ಬರಲಿಲ್ಲ. ದಾಗ್ನಿ ಒಬ್ಬಳೇ ಹೋಗಿ ಕಾಫಿಪುಡಿ, ಯೀಸ್ಟು, ಒಂದು ಡಬ್ಬಿ ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನು ತಂದಳು. ಚೀಲವನ್ನು ಹಿಂದಿನ ಸೀಟಿಗಿಟ್ಟು, ಮುಂದೆ ಅವನ ಪಕ್ಕ ಕೂತು, ಹೆರಿಂಗ್ ಬೆಲೆ ಮತ್ತೆ ಏರಿದೆ ಎಂದಳು. ಪಕ್ಕದ ಮನೆಯವರ ನಾಯಿಗೆ ಕಣ್ಣು ಮಂಜಾಗಿದೆಯಂತೆ ಎಂದಳು. ಫೋಲ್ಕೆ ಮಾತಾಡಲಿಲ್ಲ. ಅವನು ಹೆಚ್ಚು ಮಾತಿನವನಲ್ಲ. ಐವತ್ತು ವರ್ಷದ ಸಂಸಾರದಲ್ಲಿ ಅವಳು ಹೇಳಿದ್ದಕ್ಕೆಲ್ಲ ಉತ್ತರ ಕಾದವಳೂ ಅಲ್ಲ. ಹೊರಗೆ ಮೈನಸ್ ಹನ್ನೆರಡು ಡಿಗ್ರಿ ಚಳಿಯಿತ್ತು. ಸ್ವಲ್ಪ ಹೊತ್ತಿಗೆ ಕಾರಿನ ಮುಂದಿನ ಗಾಜಿಗೆ ಉಸಿರಿನ ಮಂಜು ಕಟ್ಟಿತು. ಅವಳ ಕಡೆ ಮಾತ್ರ ಕಟ್ಟಿತು. ಅವಳು ಅದನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಇಳಿದು, ಅಂಗಡಿಯೊಳಗೆ ಹೋಗಿ, ಕ್ಯಾಶಿನಲ್ಲಿ ಕೂತ ಹೆಂಗಸಿಗೆ, "ಫೋನ್ ಮಾಡ್ಬೇಕಿತ್ತು," ಎಂದಳು.

ಬಸ್ಸಿನ ದಾರಿಯಲ್ಲಿ ರೋನ್‌ಹುಲ್ಟ್ ಬರುತ್ತದೆ. ಗಾಜಿನ ಕಾರ್ಖಾನೆಯ ಚಿಮಣಿ ಈಗಲೂ ನಿಂತಿದೆ, ಕೆಳಗಿನ ಕಟ್ಟಡದಲ್ಲಿ ಯಾರೋ ದೋಣಿ ರಿಪೇರಿ ಮಾಡುತ್ತಾರೆ. ದಾಗ್ನಿ ಹದಿನೈದು ತುಂಬಿದ ವರ್ಷ, ೧೯೫೯ರಲ್ಲಿ, ಆ ಕಾರ್ಖಾನೆಯ ಸಹಿಯ ಕೋಣೆಗೆ ಸೇರಿದಳು. ಉತ್ತರದ ಕಡೆ ಕಿಟಕಿಯಿದ್ದ ಉದ್ದನೆಯ ಕೋಣೆ. ಆರು ಹುಡುಗಿಯರು, ಆರು ಪುಟ್ಟ ಸಾಣೆಕಲ್ಲಿನ ಚಕ್ರಗಳು. ಮೇಲಿನಿಂದ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿದ್ದ ಕಲಾವಿದನ ಹೆಸರು, ಕಾರ್ಖಾನೆಯ ಹೆಸರು, ನಂಬರು, ಇಷ್ಟನ್ನು ಹೂದಾನಿಯ ತಳದ ಮೇಲೆ ಗೀಚುವುದು ಅವರ ಕೆಲಸ. ದಾಗ್ನಿಯ ಪಾಲಿಗೆ ಬಂದ ಹೆಸರು ಕ್ಲಾಸ್ ರೂಡೆಮಾನ್. ವಾರಕ್ಕೆ ಮೂರು ದಿನ ಸ್ಟಾಕ್‌ಹೋಮಿನಿಂದ ಬಂದು ನಕ್ಷೆ ಬರೆದು ಹೋಗುತ್ತಿದ್ದ ದೊಡ್ಡ ಕಲಾವಿದ. ಅವನು ತನ್ನ ಒಂದು ಗಾಜಿಗೂ ಸಹಿ ಮಾಡಿದವನಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಸಂಗ್ರಹಕಾರರು ಪುಸ್ತಕ ಬರೆದರು. ಪುಸ್ತಕದಲ್ಲಿ ಸಹಿಯ ಫೋಟೋ ಹಾಕಿ, ಆ ಮೊದಲಕ್ಷರ 'R'ನ ಕಾಲು ಎಳೆದಿರುವ ರೀತಿಯಲ್ಲೇ ಮಹಾ ಕಲಾವಿದನ ಆತ್ಮವಿಶ್ವಾಸ ಕಾಣುತ್ತದೆ ಎಂದು ಬರೆದರು. ಆ ಕಾಲು ಎಳೆದವಳು ದಾಗ್ನಿ. ಚಕ್ರದ ಬೆಲ್ಟು ಸಡಿಲವಾಗಿ ಕೈ ಜಾರುತ್ತಿತ್ತು, ಅದಕ್ಕೇ ಅದು ಉದ್ದ.

ಎಪ್ಪತ್ತೆಂಟರಲ್ಲಿ ಕುಲುಮೆ ಆರಿತು. ಊದುವ ತಂಡದ ಮೇಸ್ತ್ರಿಯಾಗಿದ್ದ ಫೋಲ್ಕೆ ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಹೋದ. ದಾಗ್ನಿ ವೃದ್ಧಾಶ್ರಮದಲ್ಲಿ ಪಾತ್ರೆ ತೊಳೆದಳು. ಆ ವೃದ್ಧಾಶ್ರಮಕ್ಕೆ ತೀರಿಕೊಂಡವರ ಸಾಮಾನು ಕೊಳ್ಳಲು ಬರುತ್ತಿದ್ದ ಹರಾಜಿನ ಪೊಂಟಸ್, ಒಮ್ಮೆ ಅವಳು ಟ್ರೇ ಹಿಡಿದು ಹಾದುಹೋಗುತ್ತಾ ಅವನ ಕೈಯಲ್ಲಿದ್ದ ಹೂದಾನಿ ನೋಡಿ, "ಅದು ರೋನ್‌ಹುಲ್ಟ್‌ದಲ್ಲ, ಸಹಿ ಸುಳ್ಳು," ಎಂದದ್ದನ್ನು ಕೇಳಿಸಿಕೊಂಡ. ಹಾಗೆ ಶುರುವಾಯಿತು ಮಂಗಳವಾರ.

ಪೊಂಟಸ್ ಅವಳಿಗಿಂತ ಇಪ್ಪತ್ತೆರಡು ವರ್ಷ ಚಿಕ್ಕವನು. ಮಾತಿನ ಮಲ್ಲ. ಅವಳು ಮಳಿಗೆಯ ಬಾಗಿಲು ತಳ್ಳಿ ಬಂದದ್ದನ್ನು ನೋಡಿ, ಕೈಯಲ್ಲಿದ್ದ ದಾಲ್ಚಿನ್ನಿ ಬನ್ನನ್ನು ಹಾಗೇ ಹಿಡಿದು ನಿಂತ.

"ನೀನು ಬರಬಾರದಿತ್ತು ದಾಗ್ನಿ."

"ಮನೇಲಿ ಉಲ್ಲಾ ಇದ್ದಾಳೆ."

"ಅದೇ ಒಳ್ಳೇದಲ್ವಾ?"

"ಅವಳು ಮೂರು ಹೊತ್ತೂ ಒಲೆ ಒರೆಸ್ತಾಳೆ. ಒಲೆ ಸವೆದುಹೋಗತ್ತೆ."

ಅವನು ನಗಬೇಕೋ ಬೇಡವೋ ತಿಳಿಯದೆ ಅವಳಿಗೆ ಕಾಫಿ ತಂದಿಟ್ಟ. ಅವಳು ಮೇಜಿನ ದೀಪ ಹಚ್ಚಿ, ಭೂತಗನ್ನಡಿ ಒರೆಸಿಟ್ಟುಕೊಂಡು, ಮೊದಲನೆಯವರನ್ನು ಕರೆದಳು.

ಕೆಲಸ ಅದರಷ್ಟಕ್ಕೆ ನಡೆಯಿತು. ಕೈಗಳಿಗೆ ಅವಳು ಬೇಕಿರಲಿಲ್ಲ. ಗಾಜನ್ನು ಎತ್ತಿದ ಕೂಡಲೇ ತೂಕ ಹೇಳುತ್ತದೆ. ಒಳ್ಳೆಯ ಕಾರ್ಖಾನೆಯದು ಕಣ್ಣಿಗೆ ಕಂಡದ್ದಕ್ಕಿಂತ ಭಾರ. ತಳದಲ್ಲಿ, ಕಬ್ಬಿಣದ ಕೋಲಿನಿಂದ ಮುರಿದು ಬಿಡಿಸಿದ ಗಾಯವನ್ನು ಉಜ್ಜಿ ನಯಮಾಡಿದ್ದಾರೋ, ಹಾಗೇ ಬಿಟ್ಟಿದ್ದಾರೋ ನೋಡಬೇಕು. ಆಮೇಲೆ ಗೀರುಗಳು. ಐವತ್ತು ವರ್ಷ ಕಪಾಟಿನ ಮೇಲೆ ಎತ್ತಿ ಎತ್ತಿ ಇಟ್ಟ ಹೂದಾನಿಯ ತಳದಲ್ಲಿ ಗೀರುಗಳು ಸಾವಿರ ದಿಕ್ಕಿಗೆ ಹೋಗಿರುತ್ತವೆ. ಮರಳುಕಾಗದದಲ್ಲಿ ಉಜ್ಜಿ ಹಳತು ಮಾಡಿದ್ದರೆ ಎಲ್ಲ ಒಂದೇ ದಿಕ್ಕಿಗೆ.

ಕೆಂಪು ಸ್ಕಾರ್ಫಿನ ಒಬ್ಬಾಕೆ ಹಸಿರು ಹೂದಾನಿಯೊಂದನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಮಲಗಿಸಿದಳು.

"ರೂಡೆಮಾನ್. ಸಹಿ ಇದೆ ನೋಡು. ಇಂಟರ್ನೆಟ್‌ನಲ್ಲಿ ಆರು ಸಾವಿರ ಕ್ರೋನಾ ಕೊಟ್ಟೆ."

ದಾಗ್ನಿ ಭೂತಗನ್ನಡಿಯಲ್ಲಿ ನೋಡಿ ಅದನ್ನು ಅವಳ ಕಡೆ ತಿರುಗಿಸಿದಳು. "ಹಳೇ ಗೀರುಗಳು ಕಾಣ್ತಾವಾ? ಅವು ಸಹಿಯ ಮೇಲೆ ಹಾದುಹೋಗಿರ್ಬೇಕಿತ್ತು. ಇಲ್ಲಿ ಸಹಿ ಗೀರುಗಳ ಮೇಲೆ ಕೂತಿದೆ. ಗಾಜು ಹಳೇದೇ. ಸಹಿ ಹೋದ ವರ್ಷದ್ದು."

"ಅಂದ್ರೆ?"

"ಹೂ ಇಡೋಕೆ ಚೆನ್ನಾಗಿದೆ. ಮುನ್ನೂರು."

"ಮುನ್ನೂರಾ? ಇಷ್ಟು ಖಂಡಿತವಾಗಿ ಹೇಗೆ ಹೇಳ್ತೀಯ? ಆ ಕಲಾವಿದನ ಕೈಬರಹ ನೀನು ನೋಡಿದ್ದೀಯಾ?"

"ಅವನದು ನೋಡಿಲ್ಲ," ಎಂದು ದಾಗ್ನಿ ಹೂದಾನಿಯನ್ನು ಹಿಂತಿರುಗಿಸಿದಳು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಬ್ಬ ಎತ್ತರದ ಮುದುಕ ಬಂದ. ಕಿವಿ ಮುಚ್ಚುವ ಟೊಪ್ಪಿಗೆ, ಕಂಕುಳಲ್ಲಿ ಸ್ನಾನದ ಟವಲಿನ ಗಂಟು. ಹೆಸರು ರೂನೆ, ಬಸ್ ಡ್ರೈವರ್ ಆಗಿ ನಿವೃತ್ತನಾದವನು. ತೊಂಬತ್ತೇಳು ವರ್ಷ ಬದುಕಿ ಕ್ರಿಸ್ಮಸ್ಸಿಗೆ ಮುಂಚೆ ತೀರಿಕೊಂಡ ಸೋದರತ್ತೆಯ ಮನೆ ಖಾಲಿ ಮಾಡುತ್ತಿದ್ದೇನೆ ಎಂದ.

"ಅತ್ತೆ ಇದರಲ್ಲಿ ಹೆಣಿಗೆ ಕಡ್ಡಿ ಇಡ್ತಿದ್ರು. ಟೀವೀಲಿ ಇಂಥದ್ದೇ ಒಂದು ತೋರ್ಸಿದ್ರು. 'ಮೊದಲ ಹಿಮ' ಅಂತೆ. ನಲವತ್ತು ಸಾವಿರಕ್ಕೆ ಹೋಯ್ತು ಅದು."

ಅವನು ಟವಲು ಬಿಚ್ಚಿದ. ಒಂದು ಗೇಣುದ್ದದ ಹೂದಾನಿ. ದಪ್ಪ ತಿಳಿಗಾಜು, ಅದರ ಒಳಗೆ ಬೂದುನೀಲಿಯ ಇನ್ನೊಂದು ಪದರ, ಎರಡರ ನಡುವೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡು ನಿಂತಿದ್ದವು. ಪೊಂಟಸ್ ದೂರದಿಂದಲೇ ನೋಡಿ ಮೇಜಿಗೆ ಬಂದ. ರೂಡೆಮಾನ್ ಹೆಸರಿನ 'ಮೊದಲ ಹಿಮ' ಅವರ ಮಳಿಗೆಗೆ ಕೊನೆಯ ಸಲ ಬಂದು ನಾಲ್ಕು ವರ್ಷವಾಗಿತ್ತು.

ದಾಗ್ನಿ ಅದನ್ನು ತಲೆಕೆಳಗು ಮಾಡಿದಳು. ಸಹಿ ಇರಲಿಲ್ಲ. ನಂಬರೂ ಇರಲಿಲ್ಲ. ಐವತ್ತು ವರ್ಷದ ಗೀರುಗಳು ಮಾತ್ರ ಇದ್ದವು. ಮತ್ತೆ ನೆಟ್ಟಗೆ ಹಿಡಿದು ದೀಪದ ಮುಂದೆ ತಿರುಗಿಸಿದಳು. ಗುಳ್ಳೆಗಳು ಒಂದು ಕಡೆ ಗುಂಪುಗಟ್ಟಿದ್ದವು, ಇನ್ನೊಂದು ಕಡೆ ಚದುರಿ ವಿರಳವಾಗಿದ್ದವು, ಒಂದು ಕಡೆ ಹೆಬ್ಬೆಟ್ಟಿನಷ್ಟು ಜಾಗ ಪೂರ್ತಿ ಖಾಲಿ. ಕಾರ್ಖಾನೆಯಿಂದ ಹೊರಟ 'ಮೊದಲ ಹಿಮ'ಗಳಲ್ಲಿ ಗುಳ್ಳೆ ಜರಡಿ ಹಿಡಿದಂತೆ ಸಮನಾಗಿರುತ್ತವೆ. ನಿಜಕ್ಕೂ ಜರಡಿ ಹಿಡಿದೇ ಮಾಡುತ್ತಿದ್ದರು.

"ನಿಮ್ಮ ಅತ್ತೆಯ ಹೆಸರೇನು?" ಎಂದು ಕೇಳಿದಳು.

"ಹಿಲ್ಲೆವಿ. ರೋನ್‌ಹುಲ್ಟ್ ಕಾರ್ಖಾನೇಲಿ ನರ್ಸ್ ಆಗಿದ್ರು."

ದಾಗ್ನಿ ಹೂದಾನಿಯನ್ನು ಮೇಜಿನ ಮೇಲಿಟ್ಟಳು.

ಅರವತ್ತೊಂದರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವಳು ನಂಬರಿನ ಪಟ್ಟಿ ಕೇಳಲು ಕುಲುಮೆಯ ಮನೆಗೆ ಹೋಗಿದ್ದಳು. ಊಟದ ಬಿಡುವು. ಗಂಡಸರು ಕುಲುಮೆಯ ಬಾಯಲ್ಲಿ ಆಲೂಗಡ್ಡೆ, ಸಾಸೇಜು ಸುಟ್ಟುಕೊಂಡು ತಿನ್ನುತ್ತಿದ್ದರು. ಇಪ್ಪತ್ಮೂರರ ಫೋಲ್ಕೆ ರಾಸ್ಕ್ ಒಬ್ಬನೇ ಊದುಕೋಲು ಹಿಡಿದು ಏನೋ ಮಾಡುತ್ತಿದ್ದ. ಬಿಡುವಿನಲ್ಲಿ ಯಾರು ಏನು ಊದಿಕೊಂಡರೂ ಕಾರ್ಖಾನೆ ಕೇಳುತ್ತಿರಲಿಲ್ಲ. ಅವನಿಗೆ ಆಗ ಎದೆಯುರಿ. ಸಿಸ್ಟರ್ ಹಿಲ್ಲೆವಿ ಕಾಗದದ ಪೊಟ್ಟಣದಲ್ಲಿ ಅಡುಗೆಸೋಡಾ ಕಟ್ಟಿಕೊಟ್ಟಿದ್ದಳು. ಅದನ್ನು ಅಂಗೈಗೆ ಸುರಿದುಕೊಳ್ಳುವಾಗ ಅರ್ಧ ಕಬ್ಬಿಣದ ಮೇಜಿನ ಮೇಲೆ ಚೆಲ್ಲಿತು. ನೋಡದೆ ಅವನು ಕೆಂಡದಂಥ ಗಾಜಿನ ಉಂಡೆಯನ್ನು ಅದರ ಮೇಲೇ ಉರುಳಿಸಿದ. ಗಾಜಿನ ಮೈತುಂಬ ಬೊಕ್ಕೆ ಎದ್ದಂತಾಯಿತು. ಅವನು ಬೈದುಕೊಂಡ. ಬಿಸಾಡಲು ಹೋದವನು ನಿಂತು, ಅದನ್ನು ಮತ್ತೊಮ್ಮೆ ಕರಗಿದ ತಿಳಿಗಾಜಿನಲ್ಲಿ ಅದ್ದಿ, ಊದಿ, ತಿರುಗಿಸಿ, ಬೆಳಕಿಗೆ ಹಿಡಿದ.

"ಏನಿದು?" ಎಂದು ದಾಗ್ನಿ ಕೇಳಿದ್ದಳು. ಅದು ಅವಳು ಅವನಿಗೆ ಆಡಿದ ಮೊದಲ ಮಾತು.

"ಎದೆಯುರಿ," ಎಂದಿದ್ದ ಫೋಲ್ಕೆ.

ಆ ಹೂದಾನಿಯನ್ನು ಅವನು ಸಿಸ್ಟರ್‌ಗೇ ಕೊಟ್ಟ. ಮುಂದಿನ ವಾರ ಬೇಕೆಂದೇ ಸೋಡಾ ಹರವಿ ಇನ್ನೆರಡು ಮಾಡಿದ. ಅವನ್ನು ಆರಲು ಇಡುವಾಗ ಕಲಾವಿದ ರೂಡೆಮಾನ್ ಹಿಂದೆ ಬಂದು ನಿಂತಿದ್ದ. "ಇದನ್ನ ಹೇಗೆ ಮಾಡಿದಿರಿ ರಾಸ್ಕ್?" ಎಂದು ಕೇಳಿದ. ಫೋಲ್ಕೆ ಟೊಪ್ಪಿಗೆ ತೆಗೆದು ಎಲ್ಲವನ್ನೂ ಹೇಳಿದ. ಮೇ ತಿಂಗಳಲ್ಲಿ ಮೇಲಿನಿಂದ ನಕ್ಷೆ ಬಂತು, ರೂಡೆಮಾನ್ ಹೆಸರಿನಲ್ಲಿ. ಶರತ್ಕಾಲದಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರದರ್ಶನವಾಯಿತು, ಪತ್ರಿಕೆಗಳಲ್ಲಿ ಚಿತ್ರ ಬಂತು.

ಮೊದಲ ಇಪ್ಪತ್ನಾಲ್ಕು ಹೂದಾನಿಗಳ ಪೆಟ್ಟಿಗೆ ಸಹಿಗೆ ಬಂದಾಗ ದಾಗ್ನಿಯ ಚಕ್ರ ತಿರುಗುತ್ತಲೇ ಇತ್ತು, ಕೈ ಮುಂದೆ ಹೋಗಲಿಲ್ಲ. ಅವಳು ಎದ್ದು ಕುಲುಮೆಯ ಮನೆಗೆ ಹೋದಳು.

"ಇದರ ಮೇಲೆ ಏನು ಬರೀಲಿ?"

"ಪಟ್ಟೀಲಿ ಏನಿದೆ?"

"ರೂಡೆಮಾನ್ ಅಂತಿದೆ."

ಫೋಲ್ಕೆ ಊದುಕೋಲನ್ನು ತಿರುಗಿಸುತ್ತಲೇ ಇದ್ದ. ನಿಲ್ಲಿಸಿದರೆ ಗಾಜು ಜೋಲುತ್ತದೆ. "ಹಾಗಾದ್ರೆ ಅದೇ ಬರಿ," ಎಂದ. "ಅದು ನಿನ್ನ ಕೆಲಸ."

ಅವಳು ವಾಪಸು ಬಂದು ಬರೆದಳು. ಮರುವರ್ಷ ಇಬ್ಬರೂ ಮದುವೆಯಾದರು. 'ಮೊದಲ ಹಿಮ' ಹನ್ನೆರಡು ವರ್ಷ ಮಾರಾಟವಾಯಿತು. ಅಷ್ಟಕ್ಕೂ ಅವಳೇ ಬರೆದಳು. ಆ ಮಾತನ್ನು ಮನೆಯಲ್ಲಿ ಇಬ್ಬರೂ ಮತ್ತೆ ಎತ್ತಲಿಲ್ಲ.

"ಸಹಿ ಇಲ್ಲ," ಎಂದು ಪೊಂಟಸ್ ಹೂದಾನಿ ಬಗ್ಗಿಸಿ ನೋಡಿದ. "ತೊಂದರೆ ಇಲ್ಲ ಬಿಡು. ರೂಡೆಮಾನ್‌ದೆಂದು ನಂಬಲಾಗಿದೆ ಅಂತ ಹಾಕೋಣ. ದಾಗ್ನಿ, ನೀನೇ ಸಹಿ ಹಾಕ್ತಿದ್ದೋಳು, ಈ ಒಂದಕ್ಕೆ ಹಾಕೋದು ಬಿಟ್ಟುಹೋಗಿತ್ತು ಅಂತ ಎರಡು ಸಾಲು ಬರೆದುಕೊಡು. ಇಪ್ಪತ್ತೈದು ಸಾವಿರದಿಂದ ಕೂಗು ಶುರುಮಾಡ್ತೀನಿ." ಆಮೇಲೆ ದನಿ ತಗ್ಗಿಸಿ, ಅವಳನ್ನು ನಗಿಸಲೆಂದು, "ಇಲ್ಲಾಂದ್ರೆ ಈಗಲೇ ಗೀಚಿಬಿಡು, ಕೈ ನಿನ್ನದೇ ಅಲ್ವಾ," ಎಂದ.

"ಇದು ರೂಡೆಮಾನ್‌ದಲ್ಲ."

ರೂನೆಯ ಮುಖ ಇಳಿಯಿತು. "ನಕಲಿಯಾ?"

"ನಕಲಿ ಅಲ್ಲ. ಅವನದಕ್ಕಿಂತ ಮುಂಚಿನದು."

ಅವಳು ಹೇಳಿದಳು. ಸೋಡಾ, ಕಬ್ಬಿಣದ ಮೇಜು, ಮೇ ತಿಂಗಳ ನಕ್ಷೆ, ಎಲ್ಲವನ್ನೂ, ಬೇರೆಯವರ ಸಾಮಾನಿನ ಪಟ್ಟಿ ಓದಿದ ದನಿಯಲ್ಲಿ. ಪೊಂಟಸ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ರೂನೆ ಮಾತ್ರ ನಡುವೆ ತಲೆಯೆತ್ತಿ, "ಸೋಡಾ ಅಂದ್ರಾ?" ಎಂದ. "ಅತ್ತೆ ಇದನ್ನ ಯಾವಾಗಲೂ 'ನನ್ನ ಸೋಡಾ' ಅಂತಿದ್ರು. 'ಕಡ್ಡಿ ನನ್ನ ಸೋಡಾದಲ್ಲಿಡು ರೂನೆ' ಅನ್ನೋರು. ಮುದುಕಿಗೆ ಅರಳುಮರಳು ಅಂದ್ಕೊಂಡಿದ್ವಿ ನಾವು."

"ಮಾಡಿದ್ದು ಯಾರು ಅಂದೆ?" ಎಂದು ಪೊಂಟಸ್ ಮೆಲ್ಲಗೆ ಕೇಳಿದ. ಅವನಿಗೆ ಗೊತ್ತಾಗಿತ್ತು.

"ಫೋಲ್ಕೆ."

"ಯಾವ ಫೋಲ್ಕೆ?" ಎಂದ ರೂನೆ.

"ನನ್ನ ಗಂಡ. ಶುಕ್ರವಾರ ಅವನ ಮಣ್ಣು."

ರೂನೆ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಹೂದಾನಿಯ ಕಡೆ ನೋಡಿದ. ದಾಗ್ನಿಯೇ ಮಾತು ಮುಂದುವರಿಸಿದಳು.

"ಬೆಲೆ ಕೇಳಿದ್ರೆ, ಎರಡು ಸಾವಿರ. ಹೆಚ್ಚೆಂದ್ರೆ ಮೂರು. ಫೋಲ್ಕೆ ರಾಸ್ಕ್ ಅನ್ನೋ ಹೆಸರಿಗೆ ಮಾರ್ಕೆಟ್ ಇಲ್ಲ. ಸ್ಟಾಕ್‌ಹೋಮಿಗೆ ತಗೊಂಡು ಹೋದ್ರೆ ರೂಡೆಮಾನ್ ಅಂತ ಬರ್ಕೋತಾರೆ, ಮೂವತ್ತು ಸಾವಿರ ಬಂದ್ರೂ ಬರಬಹುದು. ನಾನು ತಡೆಯಲ್ಲ. ನಾನು ಬರೆದುಕೊಡಲ್ಲ, ಅಷ್ಟೆ."

"ಯೋಚನೆ ಮಾಡ್ಬೇಕು," ಎಂದು ರೂನೆ ಹೂದಾನಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೋದ.

ಅವನು ಹೋದ ಮೇಲೆ ಪೊಂಟಸ್ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. "ಹದಿನಾಲ್ಕು ವರ್ಷದಲ್ಲಿ ಎಷ್ಟು 'ಮೊದಲ ಹಿಮ' ಮಾರಿದ್ವಿ ದಾಗ್ನಿ? ಏಳೋ ಎಂಟೋ? ಒಂದು ಸಲಾನೂ ಹೇಳಲಿಲ್ಲ ನೀನು."

"ಅವನು ಹೇಳು ಅನ್ನಲಿಲ್ಲ."

"ಬೇಡ ಅಂದಿದ್ನಾ?"

ಅವಳು ಯೋಚಿಸಿದಳು. "ಅದನ್ನೂ ಅನ್ನಲಿಲ್ಲ," ಎಂದಳು.

ಶುಕ್ರವಾರ ರೋನ್‌ಹುಲ್ಟ್‌ನ ಚರ್ಚಿನಲ್ಲಿ ಮೂವತ್ತೊಂದು ಜನ ಸೇರಿದರು. ನೆಲ ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಹಿಂದಿನ ದಿನವೇ ಬಿಸಿ ಹಾಯಿಸಿ ಮಣ್ಣು ಮೆತ್ತಗೆ ಮಾಡಿದ್ದರು. ಉಲ್ಲಾ ಎರಡು ಕರವಸ್ತ್ರ ಒದ್ದೆ ಮಾಡಿದಳು. ದಾಗ್ನಿ ತನ್ನ ಸರದಿ ಬಂದಾಗ ಪೆಟ್ಟಿಗೆಯ ಮೇಲೆ ಒಂದು ಹೂವಿಟ್ಟು, ಪಾದ್ರಿಗೆ ತಲೆಬಾಗಿ, ಜಾಗಕ್ಕೆ ಬಂದು ಕೂತಳು. ಕೊನೆಯ ಬೆಂಚಿನಲ್ಲಿ, ಟೊಪ್ಪಿಗೆ ಕೈಯಲ್ಲಿ ಹಿಡಿದು, ರೂನೆ ಕೂತಿದ್ದ.

ಆಮೇಲೆ ಪಕ್ಕದ ಸಭಾಮನೆಯಲ್ಲಿ ಕಾಫಿ, ಸೀಗಡಿ ಮತ್ತು ಮೊಟ್ಟೆ ಹಾಕಿದ ಬ್ರೆಡ್ಡಿನ ದೊಡ್ಡ ಖಾರದ ಕೇಕು. ರೂನೆ ಎರಡು ತುಂಡು ತಿಂದು, ದಾಗ್ನಿಯ ಕೈಕುಲುಕಿ, "ಅತ್ತೆ ಇದ್ದಿದ್ರೆ ಅವರೇ ಬರ್ತಿದ್ರು," ಎಂದು ಹೇಳಿದ. ಪಕ್ಕದಲ್ಲಿದ್ದ ಉಲ್ಲಾಗೆ ಯಾರಿವನು ಎಂದು ತಿಳಿಯಬೇಕಿತ್ತು. ಅವನು ಅವಳಿಗೆ ಸೋಡಾದ ಕತೆಯನ್ನು ಪೂರ್ತಿ ಹೇಳಿದ.

ಜನ ಕರಗಿದ ಮೇಲೆ ದಾಗ್ನಿ ತಟ್ಟೆಗಳ ಎಂಜಲು ಬಳಿದು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಉಲ್ಲಾ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು.

"ಆ ಹೂದಾನಿ ವಿಷಯ ನಂಗೆ ಗೊತ್ತಿತ್ತು," ಎಂದಳು.

"ಯಾರು ಹೇಳಿದ್ರು?"

"ಅಣ್ಣನೇ. ಒಂದು ಬೇಸಿಗೆ ಹಬ್ಬದಲ್ಲಿ ಕುಡಿದಿದ್ದ. ಅದು ರೂಡೆಮಾನ್ ಹೆಸರಲ್ಲಿ ಹೊರಬಂದಾಗ ಯೂನಿಯನ್ನಿನ ವಾಲ್‌ಫ್ರಿಡ್ ಇದ್ನಲ್ಲ, ಅವನು ಕೇಸು ಹಾಕೋಣ, ಕಾರ್ಖಾನೆಯವರನ್ನ ಕೂರಿಸಿ ಕೇಳೋಣ ಅಂತ ಹಟ ಹಿಡಿದಿದ್ನಂತೆ. ಅಣ್ಣ ಬೇಡ ಅಂದನಂತೆ. ಕೇಳಿದ್ರೆ ಮೊದಲು ಆ ಹುಡುಗೀನ ಕರೀತಾರೆ, ಗೊತ್ತಿದ್ದೂ ಬೇರೆ ಹೆಸರು ಯಾಕೆ ಬರೆದೆ ಅಂತಾರೆ, ಅವಳ ಕೆಲಸ ಹೋಗತ್ತೆ, ಅವಳಪ್ಪನಿಗೆ ಬೇರೆ ಕಾಯಿಲೆ, ಅಂದನಂತೆ."

"ಯಾವ ಹುಡುಗಿ?"

"ನೀನೇ ಕಣೇ. ಇನ್ಯಾವ ಹುಡುಗಿ?"

ದಾಗ್ನಿಯ ಕೈಯಲ್ಲಿದ್ದ ತಟ್ಟೆಯಲ್ಲಿ ಯಾರೋ ಬಿಟ್ಟ ನಿಂಬೆಹಣ್ಣಿನ ಬಿಲ್ಲೆಯಿತ್ತು. ಅವಳು ಅದನ್ನು ಚಾಕುವಿನಿಂದ ಬುಟ್ಟಿಗೆ ತಳ್ಳಿದಳು. ತಟ್ಟೆಯನ್ನು ಇತರ ತಟ್ಟೆಗಳ ಮೇಲಿಟ್ಟಳು. ಉಲ್ಲಾ ಅವಳ ಮುಖವನ್ನೇ ನೋಡುತ್ತಿದ್ದಳು, ಈ ಸಲ ಓರೆಗಣ್ಣಿನಲ್ಲಲ್ಲ.

"ಗೊತ್ತಾಯ್ತು," ಎಂದಳು ದಾಗ್ನಿ. ಸ್ವಲ್ಪ ತಡೆದು, "ಕೇಕು ಅರ್ಧ ಉಳಿದಿದೆ. ಪಾದ್ರಿ ಮನೆಗೆ ಕಳಿಸೋಣ್ವಾ?" ಎಂದಳು.

"ನೀನು ಕಲ್ಲು ಕಣೇ," ಎಂದಳು ಉಲ್ಲಾ. ಆದರೆ ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಅತ್ತಿಗೆಯ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಭಾನುವಾರ ಅವಳು ಕಾಲ್ಮಾರ್‌ಗೆ ಹಿಂದಿರುಗಿದಳು.

ಅವಳು ಹೋದ ಮೇಲೆ ದಾಗ್ನಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಆ ಮಾತನ್ನು ಮನಸ್ಸಿನಲ್ಲಿ ಒಂದೊಂದೇ ಪದವಾಗಿ ಮತ್ತೆ ಹೇಳಿಕೊಂಡಳು. ಅವಳ ಕೆಲಸ ಹೋಗತ್ತೆ ಅಂದ. ಅದಕ್ಕೇ ಬಿಟ್ಟ. ನಂಗೆ ಹೇಳಲಿಲ್ಲ. ಮೂರು ಸಲ ಹೇಳಿಕೊಂಡರೂ ಒಳಗೆ ಯಾವುದೂ ಅಲುಗಲಿಲ್ಲ. ಅವಳಿಗೆ ತನ್ನ ಬಗ್ಗೆ ಸ್ವಲ್ಪ ಹೆದರಿಕೆಯಾಯಿತು, ಅದೂ ದೂರದಿಂದ. ಆಲೂಗಡ್ಡೆ ಬೇಯಿಸಿ, ಎರಡು ತಿಂದು, ಮಲಗಿದಳು.

ಮುಂದಿನ ಮಂಗಳವಾರ ರೂನೆ ಟವಲಿನ ಗಂಟಿನೊಂದಿಗೆ ಮತ್ತೆ ಬಂದ. ಅದನ್ನು ಅವಳ ಮುಂದೆ ತಳ್ಳಿ, "ನೀನೇ ಇಟ್ಕೋ," ಎಂದ.

"ಅದು ಸಿಸ್ಟರ್‌ಗೆ ಕೊಟ್ಟದ್ದು."

"ಸಿಸ್ಟರ್ ಇಲ್ಲ, ಕೊಟ್ಟವನೂ ಇಲ್ಲ. ನಮ್ಮನೇಲಿ ಹೆಣಿಯೋರು ಯಾರೂ ಇಲ್ಲ."

"ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಮನೆ ಅಲ್ಲ ನಮ್ಮದು."

ರೂನೆ ಗಲ್ಲ ಕೆರೆದುಕೊಂಡ. "ಹಾಗಾದ್ರೆ ಮಾರಿಬಿಡಿ. ನೀನು ಹೇಳಿದ ಹೆಸರಲ್ಲೇ ಮಾರಿ. ಸ್ಟಾಕ್‌ಹೋಮಿಗೆ ಫೋನ್ ಮಾಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅಲ್ಲಿಯವನು ಫೋಟೋ ನೋಡಿ ಮೂವತ್ತು ಅಂದ. ಎರಡು ದಿನ ನಿದ್ದೆ ಬರಲಿಲ್ಲ. ಅತ್ತೆ ತೊಂಬತ್ತೇಳು ವರ್ಷ ಅದನ್ನ ಸೋಡಾ ಅಂತ ಕರೆದಿದ್ದಾರೆ. ನಾನು ಎಪ್ಪತ್ತಕ್ಕೆ ಹಿಮ ಅಂತ ಶುರು ಮಾಡೋದು ಹೇಗೆ?"

"ತೊಂಬತ್ತೇಳಲ್ಲ. ಐವತ್ತೊಂದು," ಎಂದಳು ದಾಗ್ನಿ.

"ಅಷ್ಟೇ ಆಯ್ತಲ್ಲ."

ಪಟ್ಟಿಯ ಒಕ್ಕಣೆ ಅವಳೇ ಬರೆದಳು: ಹೂದಾನಿ, ಎರಡು ಪದರದ ಗಾಜು, ನಡುವೆ ಸೋಡಾದಿಂದಾದ ಗುಳ್ಳೆ, ರೋನ್‌ಹುಲ್ಟ್‌ನಲ್ಲಿ ಮಾರ್ಚ್ ೧೯೬೧ರಲ್ಲಿ ಫೋಲ್ಕೆ ರಾಸ್ಕ್ ಊದಿದ್ದು, ಆತನದೇ ಕಲ್ಪನೆ, ನಂತರ 'ಮೊದಲ ಹಿಮ' ಎಂಬ ಹೆಸರಿನಲ್ಲಿ ತಯಾರಾದದ್ದಕ್ಕೆ ಇದೇ ಮೂಲ, ಸಹಿಯಿಲ್ಲ. ಪೊಂಟಸ್ ಎರಡು ಸಲ ಓದಿದ. "ಗಲಾಟೆ ಆಗತ್ತೆ," ಎಂದ. "ಆಗಲಿ," ಎಂದಳು. ಅವನು ಒಂದು ಅಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದ.

ಗಲಾಟೆ ಒಂದು ಪತ್ರದಷ್ಟೇ ಆಯಿತು. ರೂಡೆಮಾನ್ ಗಾಜುಗಳನ್ನು ಮೂವತ್ತು ವರ್ಷದಿಂದ ಕೂಡಿಟ್ಟ ಗೋಥೆನ್‌ಬರ್ಗಿನ ಒಬ್ಬ ವಕೀಲ ಬರೆದಿದ್ದ. ಸತ್ತ ಕಲಾವಿದನ ಮೇಲೆ ಮಸಿ ಬಳಿಯುವುದು ಸುಲಭ, ನೀವು ಹೇಳುವುದು ನಿಜವಾದರೆ ನನ್ನ ಹನ್ನೊಂದು ಹೂದಾನಿಗಳ ತಳದಲ್ಲಿ ಸಾವಿರದ ಒಂಬೈನೂರ ಅರವತ್ತೊಂದರಿಂದ ಸುಳ್ಳು ಬರೆದವರು ಯಾರು ಎಂದು ಕೇಳಿದ್ದ. ದಾಗ್ನಿ ಒಂದು ಕಾರ್ಡಿನಲ್ಲಿ ಉತ್ತರ ಬರೆದಳು: ನಾನು. ಕೆಳಗೆ ತನ್ನ ಹೆಸರು, ವಿಳಾಸ. ಅವನಿಂದ ಮತ್ತೆ ಪತ್ರ ಬರಲಿಲ್ಲ.

ಏಪ್ರಿಲ್‌ನ ಹರಾಜಿನಲ್ಲಿ ಹೂದಾನಿ ಎರಡು ಸಾವಿರದಿಂದ ಶುರುವಾಗಿ ನಾಲ್ಕು ಸಾವಿರದ ನೂರಕ್ಕೆ ನಿಂತಿತು. ಫೋನಿನಲ್ಲಿ ಕೊಂಡವರು ಹೆಸರು ಹೇಳಲು ಇಷ್ಟಪಡಲಿಲ್ಲ. ರೂನೆ ಆ ದುಡ್ಡಿನಲ್ಲಿ ಕಾರಿಗೆ ಬೇಸಿಗೆಯ ಟೈರು ಹಾಕಿಸಿದೆನೆಂದು ಹೇಳಿಹೋದ. ದಾಗ್ನಿಯೇ ಹೂದಾನಿಯನ್ನು ಪತ್ರಿಕೆಯಲ್ಲಿ ಸುತ್ತಿ, ಒಳಗೆ ಚೂರುಕಾಗದ ತುಂಬಿ, ಪೆಟ್ಟಿಗೆಗೆ ಅಂಟುಪಟ್ಟಿ ಹಾಕಿದಳು. ಪೊಂಟಸ್ ಬೇಕೆಂದೇ ಹೊರಗೆ ಹೋಗಿ ಅವಳನ್ನು ಒಬ್ಬಳೇ ಬಿಟ್ಟಿದ್ದ. ಅದರ ಅಗತ್ಯವಿರಲಿಲ್ಲ, ಐದು ನಿಮಿಷದಲ್ಲಿ ಕೆಲಸ ಮುಗಿದಿತ್ತು.

ಮೇ ತಿಂಗಳ ಕೊನೆಯ ಮಂಗಳವಾರ ಒಬ್ಬ ಗರ್ಭಿಣಿ ತನ್ನ ಅಜ್ಜಿಯ ಕಪಾಟಿನಿಂದ ಒಂದು ಜೊತೆ 'ಮೊದಲ ಹಿಮ' ತಂದಳು. ಎರಡಕ್ಕೂ ಸಹಿಯಿತ್ತು, ನಂಬರಿತ್ತು. ದಾಗ್ನಿ ಮೊದಲನೆಯದನ್ನು ಬಗ್ಗಿಸಿ ನೋಡಿದಳು.

"ಕಾರ್ಖಾನೆ ರೋನ್‌ಹುಲ್ಟ್, ಅರವತ್ತಾರು," ಎಂದಳು. "ಮಾರಿದ್ದು ರೂಡೆಮಾನ್ ಹೆಸರಲ್ಲಿ. ಕಂಡುಹಿಡಿದಿದ್ದೂ ಊದಿದ್ದೂ ಫೋಲ್ಕೆ ರಾಸ್ಕ್. ಸಹಿ ಗೀಚಿದ್ದು ನಾನು. ಎರಡೂ ಸೇರಿ ಅರವತ್ತು ಸಾವಿರದವರೆಗೆ ಬರಬಹುದು."

ಹುಡುಗಿ ಬೆಲೆ ಕೇಳಿ ಕಣ್ಣರಳಿಸಲಿಲ್ಲ, ಬೇರೆಯದನ್ನೇ ಹಿಡಿದುಕೊಂಡಳು. "ಫೋಲ್ಕೆ ರಾಸ್ಕ್ ಅಂದ್ರೆ ಯಾರು? ಈಗಲೂ ಇದ್ದಾರಾ?"

"ಇಲ್ಲ. ಫೆಬ್ರವರಿಯಲ್ಲಿ," ಎಂದಳು ದಾಗ್ನಿ. ವಾಕ್ಯ ಅಲ್ಲೇ ನಿಂತಿತು. ಮುಂದಿನ ಪದ ನಾಲಿಗೆಯ ಮೇಲಿತ್ತು, ಹೊರಗೆ ಬರಲಿಲ್ಲ. ಪೊಂಟಸ್ ಎದ್ದು ಬಂದು ಅವಳ ಮುಂದೆ ನೀರಿಟ್ಟು, ಸಾಲಿನಲ್ಲಿ ಕಾದಿದ್ದವರಿಗೆ, "ಹತ್ತು ನಿಮಿಷ, ಕಾಫಿ ಅಲ್ಲಿದೆ," ಎಂದ. ಅವಳು ಅರ್ಧ ಲೋಟ ಕುಡಿದಳು. ಹುಡುಗಿ ಎದ್ದುಹೋಗದೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಎದುರಿಗೇ ಕೂತಿದ್ದಳು.

ದಾಗ್ನಿ ಎರಡನೆಯ ಹೂದಾನಿಯನ್ನು ಎತ್ತಿಕೊಂಡಳು. ಬಾಯಿಯ ಅಂಚಿನ ಸುತ್ತ ಹೆಬ್ಬೆರಳಿನ ಉಗುರನ್ನು ಆಡಿಸಿದಳು. ಒಂದು ಕಡೆ ಉಗುರು ತಡೆಯಿತು.

"ಇಲ್ಲಿ ಸಣ್ಣ ಚಕ್ಕೆ ಹೋಗಿದೆ," ಎಂದಳು. "ಕಣ್ಣಿಗೆ ಕಾಣಲ್ಲ. ನಾನು ಬರೀಲೇಬೇಕು."